ಎಲ್ಲಾಕ್ಕೂ ಹೂಂ

ಹೋದ ತಿಂಗಳು ಮಾಳಮಡ್ಡಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ನಾನು ಕೂಗಾಡಿಬಿಟ್ಟೆ. ಅರ್ಧ ಮೀಸೆ ಬೆಳ್ಳಗಾದವನಿಗೆ ಅದು ಶೋಭೆಯಲ್ಲ ಎಂದು ಆಮೇಲೆ ಮನೆಯಲ್ಲಿ ಬೈಸಿಕೊಂಡೆ. ಆದರೆ ನಡೆದದ್ದನ್ನು ಹೇಳುತ್ತೇನೆ, ನೀವೇ ನ್ಯಾಯ ಹೇಳಿ.

ಅರ್ಧ ಪುಟದ ಒಂದು ಬರಹವನ್ನು ಟೈಪು ಮಾಡಿಸಲು ಹೋಗಿದ್ದೆ. ಕರೆಂಟು ಒಮ್ಮೆ ಹೋಗಿ ಬಂತು. ಅಂಗಡಿಯ ಸರೋಜಾ ಅವರ ಕಂಪ್ಯೂಟರು ಮತ್ತೆ ಚಾಲೂ ಆಗುವಾಗ ಪರದೆ ನೀಲಿಯಾಗಿ, ಬಿಳಿ ಅಕ್ಷರಗಳು ಮೂಡಿದವು. ಡಿಸ್ಕನ್ನು ತಪಾಸಣೆ ಮಾಡಬೇಕಾಗಿದೆ. ಬೇಡವೆಂದರೆ ಹತ್ತು ಸೆಕೆಂಡಿನೊಳಗೆ ಯಾವುದಾದರೂ ಗುಂಡಿ ಒತ್ತಿ. ಸರೋಜಾ ನನ್ನ ಜೊತೆ ಮಾತಾಡುತ್ತಲೇ, ಪರದೆಯ ಕಡೆ ಕಣ್ಣನ್ನೂ ಹಾಯಿಸದೆ, ಬೆರಳು ಚಾಚಿದರು.

"ಬ್ಯಾಡ್ರಿ! ಒತ್ತಬ್ಯಾಡ್ರಿ!"

ನನ್ನ ಕೂಗಿಗೆ ಹೊರಗೆ ಸೈಕಲ್ ಹಿಡಿದು ನಿಂತಿದ್ದವರೂ ತಿರುಗಿ ನೋಡಿದರು.

"ಅಯ್ಯ ಶಿವನ, ಯಾಕ್ರಿ ಕಾಕಾ? ದಿನಾ ಕೇಳತೈತ್ರಿ ಇದು. ಯಾವುದರ ಒಂದ್ ಗುಂಡಿ ಒತ್ತಿದ್ರ ಸುಮ್ಮನಾಗತೈತಿ."

"ದಿನಾ ಕೇಳತೈತಿ ಅಂದ್ರ ದಿನಾ ಏನೋ ಹೇಳಾಕತ್ತೈತಿ ಅಂತಲ್ಲೇನ್ರಿ? ಕೇಳಿದ್ದೇನು ಅಂತ ಒಂದ್ ದಿನಾನರ ಓದೀರೇನು?"

ಸರೋಜಾ ಬೆರಳನ್ನು ಹಿಂದಕ್ಕೆಳೆದುಕೊಂಡರು. ಹತ್ತು ಸೆಕೆಂಡು ಮುಗಿದು ತಪಾಸಣೆ ಶುರುವಾಯಿತು. ಅವರು ಒಂದು ಸ್ಟೂಲನ್ನು ನನ್ನ ಕಡೆ ನೂಕಿ, "ಹಂಗಾರ ಕುಂದರ್ರಿ. ಅರ್ಧಾ ತಾಸು ಹಿಡೀತೈತಿ" ಎಂದರು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ಆ ಹೆಣ್ಣುಮಗಳ ಮೇಲೆ ನನಗೇನೂ ಕೋಪವಿರಲಿಲ್ಲ. ನನ್ನ ಕೋಪ ಬೇರೆಯವರ ಮೇಲಿನದು, ಬಹಳ ಹಳೆಯದು. ನೀವೂ ಕೂತುಕೊಳ್ಳಿ. ಅರ್ಧ ತಾಸಿದೆಯಲ್ಲ, ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವೆ ನಾನು ಧಾರವಾಡದ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಹೆಸರು ಹೇಳುವುದಿಲ್ಲ. ಅವರ ಮಾನ ಕಾಯಬೇಕೆಂದಲ್ಲ, ಹೆಸರು ಹೇಳಿದರೆ ಅವರಿಗೆ ಪುಕ್ಕಟೆ ಪ್ರಚಾರವಾದೀತೆಂಬ ಹೊಟ್ಟೆಕಿಚ್ಚಿಗೆ. ಸುತ್ತಲಿನ ಹಳ್ಳಿಗಳ ಆಡುಮಾತಿನ ಒಂದು ಪದಕೋಶ ಮಾಡುವುದು ಆ ಸಂಸ್ಥೆಯ ಉದ್ದೇಶ. ಕುರಿಗಿ, ಮಿಣಿ, ಹಗೇವು, ನೆಲುವು, ಹಂತಿ ಇಂಥ ಮಾತುಗಳು. ಒಂದೊಂದು ಪದಕ್ಕೆ ಒಂದೊಂದು ಕಾರ್ಡು. ಒಂಬತ್ತು ಕಪಾಟಿನ ತುಂಬ ಕಾರ್ಡು. ನಾನು ಹುಬ್ಬಳ್ಳಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟಿದ್ದ ಕಾಲ ಅದು. ನನಗೆ ಕೊಟ್ಟ ಹುದ್ದೆ ಸಿಸ್ಟಮ್ ಮ್ಯಾನೇಜರ್. ಇಡೀ ಸಂಸ್ಥೆಯಲ್ಲಿ ಇದ್ದ ಸಿಸ್ಟಮ್ ಒಂದೇ, ಅದರ ಮ್ಯಾನೇಜರ್ ಕೂಡ ಒಬ್ಬನೇ.

ಆ ಒಂದು ಸರ್ವರಿಗೆ ಎಂಥ ಉಪಚಾರವೆಂದರೆ, ಬಾಣಂತಿಗೂ ಅಷ್ಟು ಇರಲಿಕ್ಕಿಲ್ಲ. ಕಟ್ಟಡಕ್ಕೆಲ್ಲ ಇದ್ದ ಒಂದೇ ಏಸಿ ಅದರ ಕೋಣೆಗೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಅದಕ್ಕೆ ಜೋಡಿಸಿದ ಎರಡು ಟರ್ಮಿನಲ್ಲುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿತ್ತು. ಯಂತ್ರ ಮಾತ್ರ ನಾನು ಸೇರುವ ಹೊತ್ತಿಗೇ ಹಳೆಯದು; ಬೇರೆಲ್ಲೋ ದುಡಿದು ದಣಿದ ಮೇಲೆ ನಮ್ಮಲ್ಲಿಗೆ ಬಂದದ್ದು. ಡಿಸ್ಕು ತಿರುಗುವಾಗ ಒಳಗೆ ಯಾರೋ ಒಣ ಕೆಮ್ಮು ಕೆಮ್ಮಿದಂತೆ ಕೇಳುತ್ತಿತ್ತು.

ಎರಡು ಟರ್ಮಿನಲ್ಲುಗಳಲ್ಲಿ ಒಂದರ ಮುಂದೆ ನಾನು, ಇನ್ನೊಂದರ ಮುಂದೆ ಇಂದಿರಾಬಾಯಿ. ಅವರ ಹುದ್ದೆ ಟೈಪಿಸ್ಟ್. ಮಾಡುತ್ತಿದ್ದದ್ದು ಇಡೀ ಸಂಪಾದಕ ಮಂಡಳಿಯ ಕೆಲಸ. ಮಂಡಳಿ ಎಂಬುದೂ ಒಂದಿತ್ತು, ಇಲ್ಲವೆನ್ನುವುದಿಲ್ಲ; ವರ್ಷಕ್ಕೆ ಎರಡು ಸಲ ಬಂದು, ಉಪ್ಪಿಟ್ಟು ತಿಂದು, ಪದ ಅಳಿಯುತ್ತಿವೆ ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಿತ್ತು. ಇಂದಿರಾಬಾಯಿ ಮಾತ್ರ ರವಿವಾರ ಕೆಂಪು ಬಸ್ಸು ಹತ್ತಿ ಹಳ್ಳಿಗೆ ಹೋಗಿ, ರೊಟ್ಟಿ ಬಡಿಯುವ ಹೆಂಗಸರ ಪಕ್ಕ ಕುಳಿತು, ಸೋಮವಾರ ಹತ್ತು ಹೊಸ ಮಾತು ತರುತ್ತಿದ್ದರು. ಕಾರ್ಡಿನಲ್ಲಿ ತಪ್ಪು ಅರ್ಥ ಕಂಡರೆ ಅವರಿಗೆ ಮೈಯೆಲ್ಲ ಉರಿ. ಒಮ್ಮೆ ಮಂಡಳಿಯ ಹಿರಿಯರೊಬ್ಬರು 'ಮೇಟಿ'ಗೆ 'ಒಂದು ಬಗೆಯ ಕೋಲು' ಎಂದು ಬರೆದಿದ್ದರು. ಕಣದ ನಡುವೆ ನೆಡುವ, ಎತ್ತುಗಳು ಸುತ್ತುವ ಮೇಟಿ! "ಕಣಕ್ಕ ಹೋಗಿ ಒಮ್ಮೆ ಇದಕ್ಕ ಹಾಯ್ದು ನೋಡ್ರಿ ಅನ್ರಿ, ಕೋಲೋ ಕಂಬೋ ಹಣಿಗೆ ತಿಳೀತೈತಿ" ಎಂದಿದ್ದರು. ನನ್ನನ್ನು 'ಸಿಸ್ಟಮ್ ಸಾಹೇಬ್ರು' ಎಂದು ಕರೆಯುತ್ತಿದ್ದರು. ಅದು ಗೌರವವಲ್ಲವೆಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು.

ಕಾರ್ಯದರ್ಶಿಗಳು ಒಬ್ಬರಿದ್ದರು. ಎಲ್ಲರೂ ರಾವಸಾಹೇಬರು ಎನ್ನುತ್ತಿದ್ದೆವು. ಕೋಶ ಅಚ್ಚಾದಾಗ ಮೊದಲ ಪುಟದಲ್ಲಿ 'ಸಹಾಯಕ ಸಂಪಾದಕಿ' ಎಂದು ಹೆಸರು ಹಾಕುವುದಾಗಿ ಅವರು ಇಂದಿರಾಬಾಯಿಗೆ ಮಾತು ಕೊಟ್ಟಿದ್ದರು. ಹನ್ನೊಂದು ವರ್ಷದ ದುಡಿತಕ್ಕೆ ಆ ಹೆಂಗಸು ಕಾಯುತ್ತಿದ್ದದ್ದು ಅಷ್ಟೇ, ಒಂದು ಸಾಲು. ಅದನ್ನು ನನಗೆ ಒಂದೇ ಸಲ ಹೇಳಿದ್ದರು, ಕಿಟಕಿಯ ಕಡೆ ಮುಖ ಮಾಡಿ. "ನಮ್ಮ ಮನ್ಯಾಗ ಪುಸ್ತಕದ ಮ್ಯಾಲೆ ಯಾರ ಹೆಸರೂ ಬಂದಿಲ್ರಿ, ಪಂಚಾಂಗದ ಮ್ಯಾಲೂ" ಎಂದು ನಕ್ಕಿದ್ದರು.

ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ರಾವಸಾಹೇಬರು ಒಂಬತ್ತು ಕಪಾಟಿನ ಕಾಗದವನ್ನೂ ರದ್ದಿಗೆ ಹಾಕಿಸಿದರು. "ಎಲ್ಲಾ ಮಷಿನ್ಯಾಗ ಬಂದೈತಲ್ಲ, ಇನ್ನ ಈ ಹುಳಾ ತಿಂದ ಕಾಗದ ಯಾಕ?" ಇಂದಿರಾಬಾಯಿ ಎರಡು ದಿನ ಊಟದ ಡಬ್ಬಿ ತೆರೆಯಲಿಲ್ಲ. ನಾನೋ, ಆಧುನಿಕ ಮನುಷ್ಯ, ಕಾಗದ ಹೋದದ್ದಕ್ಕೆ ಖುಷಿಪಟ್ಟೆ. ಬ್ಯಾಕಪ್ಪಿಗೆ ಟೇಪೊಂದಿತ್ತು, ಶನಿವಾರ ಶನಿವಾರ ಅದನ್ನು ಒಳಗಿಟ್ಟು ತೆಗೆಯುತ್ತಿದ್ದೆ. ಅದರಿಂದ ಏನಾದರೂ ವಾಪಸು ಓದಲು ಬರುತ್ತದೆಯೇ ಎಂದು ಒಂದು ದಿನವೂ ನೋಡಿರಲಿಲ್ಲ. ಬರುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಇಷ್ಟು ಹೇಳಿ 'ಹೂಂ' ಎಂಬ ಮಾತಿನ ಬಗ್ಗೆ ಹೇಳದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಅದಕ್ಕೂ ಇಂದಿರಾಬಾಯಿ ಒಂದು ಕಾರ್ಡು ಮಾಡಿದ್ದರು, ಅರ್ಥಕ್ಕೆ ನಂಬರು ಹಾಕಿ. ನಂಬರ್ ಒಂದು, ಒಪ್ಪಿಗೆ. ಎರಡು, ಕೇಳುತ್ತಿದ್ದೇನೆ, ಕತೆ ಮುಂದುವರಿಸು. ಮೂರು, ನೋಡೋಣ, ಅಂದರೆ ಆಗುವುದಿಲ್ಲ. ನಾಲ್ಕು, ಆಗಲಿ, ನನಗೂ ಒಂದು ಕಾಲ ಬರುತ್ತದೆ. ಐದು, ದೊಡ್ಡವರಿಗೆ ಅಂಜಿ ಅಂದದ್ದು. ಆರು, ಮಾತು ಕೇಳಿಸಿಯೇ ಇಲ್ಲ. ಹೀಗೆ ಹನ್ನೊಂದರ ತನಕ. ನಮ್ಮ ಕಡೆ ಮನುಷ್ಯ ದಿನಕ್ಕೆ ನೂರು ಸಲ ಹೂಂ ಅನ್ನುತ್ತಾನೆ, ಅದರಲ್ಲಿ ನಂಬರ್ ಒಂದರದ್ದು ನಾಲ್ಕೋ ಐದೋ ಇದ್ದಾವು. ಮನುಷ್ಯ ಮನುಷ್ಯರ ನಡುವೆ ಅಡ್ಡಿಯಿಲ್ಲ, ದನಿಯಿಂದ ಗೊತ್ತಾಗುತ್ತದೆ. ಯಂತ್ರಕ್ಕೆ ದನಿ ತಿಳಿಯುವುದಿಲ್ಲ. ಅದಕ್ಕೆ ಎಲ್ಲ ಹೂಂ ನಂಬರ್ ಒಂದೇ.

ಇನ್ನು ಖಂಡೇ ಪೂಜೆಯ ದಿನಕ್ಕೆ ಬರೋಣ. ನವಮಿಯ ದಿನ ನಮ್ಮಲ್ಲಿ ಕುಡುಗೋಲಿನಿಂದ ಬಸ್ಸಿನವರೆಗೆ ಎಲ್ಲಕ್ಕೂ ಪೂಜೆ, ಅವತ್ತು ಹತ್ಯಾರಗಳಿಗೆ ವಿಶ್ರಾಂತಿ. ಒಳ್ಳೆಯ ಸಂಪ್ರದಾಯ, ಅದರ ಮೇಲೆ ನನ್ನ ತಕರಾರಿಲ್ಲ. ಬೆಳಿಗ್ಗೆ ಹತ್ತಕ್ಕೆ ಭಟ್ಟರು ಬರುವವರಿದ್ದರು. ಸಿಸ್ಟಮ್ ಮ್ಯಾನೇಜರನಾದ ನನ್ನನ್ನು ರಾವಸಾಹೇಬರು ಕುಂಬಳಕಾಯಿ ತರಲು ಮಾರ್ಕೆಟ್ಟಿಗೆ ಕಳಿಸಿದರು. ಇಂದಿರಾಬಾಯಿ ತಮ್ಮ ಟರ್ಮಿನಲ್ಲಿನಲ್ಲಿ 'ಹ' ಅಕ್ಷರದ ಕೊನೆಯ ಕಡತ ತೆರೆದು ತಿದ್ದುತ್ತಿದ್ದರು. ಅದೊಂದು ಮುಗಿದರೆ ಇಡೀ ಕೋಶ ಮುಗಿದಂತೆ. ಭಟ್ಟರು ಅರ್ಧ ತಾಸು ಮೊದಲೇ ಬಂದರು. ಅವರಿಗೆ ಇನ್ನೂ ನಾಲ್ಕು ಗ್ಯಾರೇಜು ಬಾಕಿಯಿತ್ತು.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಅಲ್ಲಿದ್ದ ಭಟ್ಟರೇ ಹೇಳಿದ್ದು. ಯಂತ್ರ ಚಾಲೂ ಇದ್ದಾಗ ಪೂಜೆ ಹೇಗೆ ಮಾಡುವುದೆಂದು ಅವರು ಕೇಳಿದರಂತೆ. ರಾವಸಾಹೇಬರು ಬಂದ್ ಮಾಡಲು ಹೊರಟರಂತೆ.

"ನಿಲ್ರಿ ರಾವಸಾಹೇಬ್ರ, ಅದನ್ನ ಹಂಗ ಬಂದ್ ಮಾಡಬಾರದು. ಸಿಸ್ಟಮ್‌ನವರು ಬರ್ಲಿ. ಒಂದ್ ಹತ್ತ್ ಮಿನಿಟು" ಎಂದರಂತೆ ಇಂದಿರಾಬಾಯಿ.

"ಪೂಜಿ ಟೈಮಿನ್ಯಾಗ ಕೆಲಸಾ ಮಾಡತಾರೇನ್ರಿ ಬಾಯಾರ? ಮನ್ಯಾಗ ಹಬ್ಬಾ ಹುಣ್ಣಿವಿ ಇಲ್ಲೇನ್ ನಿಮಗ?"

ಎಂದವರೇ ಬಗ್ಗಿ ಪ್ಲಗ್ಗನ್ನು ಕಿತ್ತರಂತೆ. ನಾನು ಕುಂಬಳಕಾಯಿ ಹೊತ್ತು ಬರುವಾಗ ಯಂತ್ರಕ್ಕೆ ವಿಭೂತಿ ಬಳಿದು, ನೆತ್ತಿಗೆ ಚೆಂಡು ಹೂವಿಟ್ಟು, ಆರತಿ ಎತ್ತುತ್ತಿದ್ದರು. ಇಂದಿರಾಬಾಯಿ ಗೋಡೆಗೆ ಒರಗಿ ನಿಂತಿದ್ದರು. ನಾನು ಸರ್ವರಿನ ದೀಪ ನಂದಿದ್ದನ್ನು ನೋಡಿದೆ, ಅವರ ಮುಖ ನೋಡಿದೆ. ನೋಡಿ ಆರತಿಗೆ ಕೈ ಚಾಚಿದೆ.

ದಶಮಿಯ ರಜೆ ಕಳೆದು ಮರುದಿನ ಯಂತ್ರ ಚಾಲೂ ಮಾಡಿದಾಗ ಅದು ಏಳಲಿಲ್ಲ. ಮೊದಲು ತಪಾಸಣೆ ಮಾಡೆಂದಿತು. ತಪಾಸಣೆಯೆಂದರೇನು ಎಂದು ನಿಮಗೆ ಎರಡೇ ಮಾತಿನಲ್ಲಿ ಹೇಳುತ್ತೇನೆ. ಮದುವೆಮನೆಯ ಉಗ್ರಾಣದಲ್ಲಿ ಸಾಮಾನು ಬೇರೆ, ಯಾವ ಡಬ್ಬಿಯಲ್ಲಿ ಏನಿದೆ ಎಂಬ ಯಾದಿ ಬೇರೆ ಇರುತ್ತದಲ್ಲ? ಡಿಸ್ಕಿನಲ್ಲೂ ಹಾಗೆಯೇ. ಯಾದಿ ಬರೆಯುತ್ತಿದ್ದಾಗಲೇ ಯಾರೋ ದೀಪ ಆರಿಸಿದರೆ ಯಾದಿಗೂ ಸಾಮಾನಿಗೂ ತಾಳೆಯಾಗುವುದಿಲ್ಲ. ಆಗ ತಪಾಸಣೆಯ ಪ್ರೋಗ್ರಾಮು ಒಂದೊಂದೇ ಡಬ್ಬಿ ಮುಟ್ಟಿ ನೋಡಿ, ಇದಕ್ಕೆ ಏನು ಮಾಡಲಿ ಎಂದು ಕೇಳುತ್ತದೆ. ನೀವು ವೈ ಒತ್ತಿದರೆ ಹೂಂ, ಎನ್ ಒತ್ತಿದರೆ ಊಹೂಂ.

ನಮ್ಮಲ್ಲಿ ಹಾಳಾದದ್ದು ಇಂದಿರಾಬಾಯಿಯ ಕಡತಗಳ ಯಾದಿ. ಕಡತಗಳು ಡಿಸ್ಕಿನ ಮೇಲೆ ಇದ್ದವು. ಒಂದಕ್ಕೂ ಹೆಸರಿರಲಿಲ್ಲ, ಬರೀ ನಂಬರು. ಪರದೆಯ ಮೇಲೆ ಒಂದೊಂದಾಗಿ ಬಂದವು. ದಿಕ್ಕಿಲ್ಲದ ಕಡತ, ನಂಬರು ಇಂತಿಷ್ಟು, ಇಷ್ಟು ಉದ್ದ, ಒಡೆಯರು: ಇಂದಿರಾ. ಮರಳಿ ಜೋಡಿಸಲೇ? ಇಂಗ್ಲಿಷಿನಲ್ಲೇ ಇತ್ತು, ಅರ್ಥ ಇಷ್ಟು. ಹೂಂ ಎಂದರೆ ಆ ಕಡತವನ್ನು ಒಂದು ಪೆಟ್ಟಿಗೆಯಲ್ಲಿ ತಂದಿಡುತ್ತದೆ. ಕಳೆದು ಸಿಕ್ಕದ್ದನ್ನು ಇಡುವ ಆ ಪೆಟ್ಟಿಗೆಗೆ ಇಂದಿರಾಬಾಯಿ ಕೂಡಲೇ ಹೆಸರಿಟ್ಟರು: ತಬ್ಬಲಿ ಪೆಟಗಿ.

ಬೆಳಿಗ್ಗೆ ಒಂಬತ್ತರಿಂದ ಇಬ್ಬರೂ ಕುಳಿತೆವು. ಪರದೆಯಲ್ಲಿ ಬಂದ ನಂಬರನ್ನೂ ಉದ್ದವನ್ನೂ ಅವರು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದು, "ಹೂಂ, ಒತ್ತರಿ" ಅನ್ನುವುದು, ನಾನು ಒತ್ತುವುದು. ಪೆಟ್ಟಿಗೆಗೆ ಒಂದು ಮಿತಿಯಿತ್ತು. ಅದು ತುಂಬಿದರೆ ಪ್ರೋಗ್ರಾಮು 'ಕ್ಷಮಿಸಿ, ಜಾಗವಿಲ್ಲ' ಎಂದು ಹೇಳಿ, ಕೂಡಲೇ 'ಅಳಿಸಿಬಿಡಲೇ?' ಎಂದು ಕೇಳುತ್ತದೆ. ಅಲ್ಲಿ ಊಹೂಂ ಅನ್ನಬೇಕು. ನಿಲ್ಲಿಸಿ, ಪೆಟ್ಟಿಗೆ ಖಾಲಿ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ದಯವಿಟ್ಟು ನೆನಪಿಡಿ. ಇಂದಿರಾಬಾಯಿಗೂ ನಾನೇ ಹೇಳಿದ್ದೆ, ಜಾಣತನ ತೋರಿಸಲು. "ಅಂದ್ರ ಒಂದ್ ಊಹೂಂದಾಗ ಐತಿ ನಮ್ಮ ಜೀವಾ" ಎಂದಿದ್ದರು. ಮೂರು ದಿನ ಹಿಡಿದೀತು, ಹಿಡೀಲಿ, ಎಲ್ಲವೂ ಬರುತ್ತದೆ ಎಂಬ ಧೈರ್ಯ ಹನ್ನೊಂದರ ಹೊತ್ತಿಗೆ ಇಬ್ಬರಿಗೂ ಬಂದಿತ್ತು.

ಆಗ ರಾವಸಾಹೇಬರು ಬಂದರು. ಮಧ್ಯಾಹ್ನ ಬೆಂಗಳೂರಿನಿಂದ ಮೂವರು ದೊಡ್ಡವರು ಕೋಶದ ಕೆಲಸ ನೋಡಲು ಬರುವವರಿದ್ದರು. ಪರದೆ ನೋಡಿದರು, ನಮ್ಮ ನೋಟುಬುಕ್ಕು ನೋಡಿದರು.

"ಏನಿದು? ಒಂದೊಂದಕ್ಕ ಹೂಂ ಹೂಂ ಅನಕೋತ ಕುಂತ್ರ ಹ್ಯಾಂಗ? ಮೂರಕ್ಕ ಮಂದಿ ಬರತಾರ. ಎಲ್ಲಾಕ್ಕೂ ಒಮ್ಮೆ ಹೂಂ ಅನ್ನಾಕ ಬರೂದಿಲ್ಲೇನು ತಮ್ಮಾ?"

ಈಗಲೂ ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಊಟದ ನಡುವೆ, ಆ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತೇನೆ. ಬರೂದಿಲ್ರಿ ಎಂದಿದ್ದರೆ ಸಾಕಿತ್ತು. ಅವರಿಗೆ ಯಂತ್ರದ ಗಂಧವಿರಲಿಲ್ಲ, ನಂಬುತ್ತಿದ್ದರು. ಆದರೆ ನಾನು ಸಿಸ್ಟಮ್ ಮ್ಯಾನೇಜರ್. ನನಗೆ ಬರುವುದಿಲ್ಲ ಎಂಬುದು ಇರಬಹುದೇ?

"ಬರತೈತ್ರಿ" ಎಂದೆ.

"ಬ್ಯಾಡ" ಎಂದರು ಇಂದಿರಾಬಾಯಿ. "ಸಿಸ್ಟಮ್ ಸಾಹೇಬ್ರ, ಬ್ಯಾಡ. ನೀವ ಹೇಳೀರಿ."

"ನೀವು ಸುಮ್ನಿರ್ರಿ ಬಾಯಾರ. ಅಂವಾ ಕಲ್ತು ಬಂದಾನ."

ಅಂವಾ ಕಲ್ತು ಬಂದಿದ್ದ. ಅಂವಾ ತಪಾಸಣೆ ನಿಲ್ಲಿಸಿ, ಅದೇ ಅಪ್ಪಣೆಯನ್ನು ಮತ್ತೆ ಬರೆದು, ಕೊನೆಗೆ ಒಂದು ಅಡ್ಡಗೆರೆ, ಒಂದು ವೈ ಸೇರಿಸಿದ. ಎಲ್ಲ ಪ್ರಶ್ನೆಗೂ ಹೂಂ ಎಂದು ಅದರ ಅರ್ಥ. ಒತ್ತಿದ ಮೇಲೆ ಪರದೆ ಓಡತೊಡಗಿತು. ಒಡೆಯರು: ಇಂದಿರಾ. ಜೋಡಿಸಲೇ? ಹೂಂ. ಒಡೆಯರು: ಇಂದಿರಾ. ಜೋಡಿಸಲೇ? ಹೂಂ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ತುಂಬಿತು. ಕ್ಷಮಿಸಿ, ಜಾಗವಿಲ್ಲ. ಅಳಿಸಲೇ? ಹೂಂ. ಕ್ಷಮಿಸಿ, ಜಾಗವಿಲ್ಲ. ಅಳಿಸಲೇ? ಹೂಂ. ಒಂದು ಚಹಾ ಕುಡಿಯುವಷ್ಟು ಹೊತ್ತು ಅದು ಹಾಗೇ ಓಡಿತು. ಇಂದಿರಾಬಾಯಿ ಪ್ರತಿ ಸಾಲನ್ನೂ ಓದುತ್ತಿದ್ದರು, ತುಟಿ ಅಲುಗುತ್ತಿತ್ತು. ಇಡೀ ಈ ಪ್ರಕರಣದಲ್ಲಿ ಕ್ಷಮಿಸಿ ಎಂದು ಅವರಿಗೆ ಹೇಳಿದ್ದು ಆ ಯಂತ್ರ ಒಂದೇ.

ಮೂರಕ್ಕೆ ಮಂದಿ ಬಂದರು. ಯಂತ್ರ ಎದ್ದಿತ್ತು. 'ಅ' ಅಕ್ಷರದ ಒಂದು ಪದ ತೋರಿಸಿದೆವು, ಬಹಳ ಸಂತೋಷ ಎಂದರು, ಗೋಡಂಬಿ ತಿಂದರು, ಹೋದರು. ಆಮೇಲೆ ನೋಡಿದರೆ 'ಪ'ದಿಂದ ಮುಂದಿನ ಪದಗಳೆಲ್ಲ ಹೋಗಿದ್ದವು. ಪಡಸಾಲಿ ಇಲ್ಲ, ಬುತ್ತಿ ಇಲ್ಲ, ಮಿಣಿ ಇಲ್ಲ, ರಾಶಿ ಇಲ್ಲ, ಹಗೇವು ಇಲ್ಲ. ಹೂಂ ಕೂಡ ಇಲ್ಲ, ಅದರ ಹನ್ನೊಂದು ಅರ್ಥವೂ ಇಲ್ಲ. ಪೆಟ್ಟಿಗೆಯಲ್ಲಿ ಉಳಿದ ಕಡತಗಳನ್ನು ಇಂದಿರಾಬಾಯಿ ಒಂದೊಂದಾಗಿ ತೆರೆದು, ಓದಿ, ಯಾವ ಅಕ್ಷರದ್ದೆಂದು ಗುರುತು ಹಿಡಿದು ಹೆಸರಿಡತೊಡಗಿದರು. ಆ ಕೆಲಸ ಮುಗಿಯುವವರೆಗೆ ಅವರನ್ನು ಯಾರೂ ಏನೂ ಅನ್ನಲಿಲ್ಲ. ಮುಗಿದ ಮರುದಿನ ಮಂಡಳಿಯ ಸಭೆ ಕರೆದರು.

ಉಪ್ಪಿಟ್ಟಿನ ಸಭೆ ಅವತ್ತು ನ್ಯಾಯದ ಸಭೆಯಾಯಿತು. ರಾವಸಾಹೇಬರು ಎದ್ದು, ಪೂಜೆಯ ಸಮಯದಲ್ಲಿ ಯಂತ್ರ ಮುಟ್ಟಬಾರದೆಂಬುದು ಸಣ್ಣ ಮಕ್ಕಳಿಗೂ ಗೊತ್ತು, ಟೈಪಿಸ್ಟರು ಕಡತ ತೆರೆದಿಟ್ಟುಕೊಂಡು ಕುಳಿತದ್ದರಿಂದಲೇ ಇಷ್ಟೆಲ್ಲ ಅನಾಹುತ ಎಂದರು. ಪ್ಲಗ್ಗಿನ ಮಾತಿಲ್ಲ. ಬೆಂಗಳೂರಿನ ಮಂದಿಯ ಮಾತಿಲ್ಲ. 'ಮೇಟಿ' ಎಂದರೆ ಕೋಲು ಎಂದಿದ್ದ ಹಿರಿಯರು ಕನ್ನಡಕ ಒರೆಸುತ್ತ, ದೇವರ ಸಿಟ್ಟು ಎಂಬುದೂ ಇರುತ್ತದೆ ಎಂದರು. ನನ್ನ ನೆತ್ತರು ಕುದಿಯಿತು ಎಂದು ಬರೆಯಲು ಆಸೆಯಾಗುತ್ತದೆ. ಕುದಿಯಲಿಲ್ಲ. ತಣ್ಣಗಿತ್ತು.

ರಾವಸಾಹೇಬರು ನನ್ನ ಕಡೆ ತಿರುಗಿದರು. "ತಮ್ಮಾ, ನೀ ಹೇಳು. ಪೂಜಿ ದಿವಸ ಬಾಯಾರು ಕೆಲಸಾ ಮಾಡಾಕತ್ತಿದ್ದು ಖರೇ ಹೌದಲ್ಲೋ?"

ಎಷ್ಟು ಚಂದದ ಪ್ರಶ್ನೆ ನೋಡಿ! ಉತ್ತರ ಖರೇ ಹೌದು. ಆದರೆ ಆ ಖರೇ ಎಂಬುದರೊಳಗೆ ಎಂಥ ಸುಳ್ಳಿತ್ತು! ನನ್ನದು ಹಂಗಾಮಿ ನೌಕರಿ. ಮದುವೆ ನಿಶ್ಚಯವಾಗಿ ಇನ್ನೂ ತಿಂಗಳಾಗಿರಲಿಲ್ಲ. ಹುಡುಗಿಯ ಮನೆಯವರಿಗೆ ನೌಕರಿ ಕಾಯಂ ಎಂದು ಹೇಳಿಬಿಟ್ಟಿದ್ದೆವು.

"ಹೂಂ ರೀ" ಎಂದೆ.

ಅಲ್ಲಿಗೆ ಇಂದಿರಾಬಾಯಿಯ ನೌಕರಿ ಹೋಯಿತು. ತಮ್ಮ ಪೆನ್ನು, ಕೆಂಪು ಪೆನ್ಸಿಲ್ಲು, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಾಗಿಲ ತನಕ ಹೋದವರು ನನ್ನ ಹತ್ತಿರ ನಿಂತರು.

"ಈಗ ಅಂದ ಹೂಂ ಎಷ್ಟನೇ ನಂಬರಿಂದ್ರಿ, ಸಿಸ್ಟಮ್ ಸಾಹೇಬ್ರ?"

ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ನನ್ನ ನೌಕರಿ ಮುಂದಿನ ಯುಗಾದಿಗೆ ಕಾಯಂ ಆಯಿತು.

ಕೆಲವು ವರ್ಷಗಳ ಮೇಲೆ ಕೋಶ ಅಚ್ಚಾಯಿತು. 'ನ'ದವರೆಗೆ ದಪ್ಪ, ಅಲ್ಲಿಂದ ಮುಂದೆ ಅಲ್ಲಿ ಇಲ್ಲಿ ಕೇಳಿ ಬರೆದ ತೆಳು ಗಂಜಿ. ಹೂಂ ಎಂಬಲ್ಲಿ 'ಒಪ್ಪಿಗೆಯನ್ನು ಸೂಚಿಸುವ ಅವ್ಯಯ' ಎಂದಿದೆ. ಒಂದೇ ಅರ್ಥ! ಮೊದಲ ಪುಟದಲ್ಲಿ ಉಪ್ಪಿಟ್ಟಿನ ಏಳು ಮಂದಿಯ ಹೆಸರು. ಕೃತಜ್ಞತೆಯ ಪುಟದಲ್ಲಿ 'ಅಪಾಯದಲ್ಲಿದ್ದ ದತ್ತಾಂಶವನ್ನು ರಕ್ಷಿಸಿದ ಕಂಪ್ಯೂಟರ್ ತಜ್ಞರು' ಎಂದು ನನ್ನ ಹೆಸರು. ಇಂದಿರಾಬಾಯಿಯ ಹೆಸರು ಹುಡುಕಿದೆ, ಕೊನೆಯ ರಟ್ಟಿನ ತನಕ. ಇಲ್ಲ. ನಾನು ಆ ಪ್ರತಿಯನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ನಾಚಿಕೆಗೆ ಇನ್ನೇನು ಉಳಿದಿದೆ. ಮರುವರ್ಷ ಆ ನೌಕರಿ ಬಿಟ್ಟೆ. ಪಶ್ಚಾತ್ತಾಪದಿಂದಲ್ಲ, ತಾರಿಹಾಳದ ಕಾರ್ಖಾನೆಯೊಂದು ಹೆಚ್ಚು ಪಗಾರ ಕೊಟ್ಟಿತು.

ಈಗ ಆ ಕೋಶದ ಎರಡನೇ ಮುದ್ರಣವಂತೆ, ಸಮಾರಂಭವಂತೆ, ನನಗೆ ಶಾಲು ಹೊದಿಸುತ್ತಾರಂತೆ. ರಾವಸಾಹೇಬರು ತೀರಿಕೊಂಡಿದ್ದಾರೆ, ಹೊಸ ಕಾರ್ಯದರ್ಶಿಗಳು ನನ್ನ ಪರಿಚಯ ಅರ್ಧ ಪುಟ ಬರೆದು ಕಳಿಸಿ ಎಂದಿದ್ದರು. ಅದನ್ನೇ ಟೈಪು ಮಾಡಿಸಲು ಸರೋಜಾ ಅವರ ಅಂಗಡಿಗೆ ಹೋದದ್ದು.

"ಮುಗೀತ್ ನೋಡ್ರಿ ಕಾಕಾ" ಎಂದರು ಸರೋಜಾ. "ಏನೇನೋ ಸರಿಪಡಿಸೇನಿ ಅಂತ ಬರದೈತಿ. ಖರೇನ ಕೆಟ್ಟಿತ್ತೇನ್ರಿ?"

"ಕೆಟ್ಟಿತ್ರಿ" ಎಂದೆ. "ಆ ಪರಿಚಯ ಬ್ಯಾಡ. ನಾ ಹೇಳತೀನಿ, ಬ್ಯಾರೆ ಒಂದ್ ಹೊಡೀರಿ."

ಇಂದಿರಾಬಾಯಿ ಈಗ ಹುಬ್ಬಳ್ಳಿಯ ಅಮರಗೋಳದ ಹತ್ತಿರ ಇದ್ದಾರೆ ಎಂದು ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಹೋಗಿರಲಿಲ್ಲ, ಬಸ್ಸಿಗೆ ಅರ್ಧ ತಾಸಿನ ದಾರಿ. ಹೋದಾಗ ಅವರು ಯಾವುದೋ ಪ್ರೆಸ್ಸಿನ ಪಠ್ಯಪುಸ್ತಕದ ಕರಡು ತಿದ್ದುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಬರ್ರಿ ಎಂದರು, ಕುರ್ಚಿ ತೋರಿಸಿದರು, ಚಹಾ ಕೇಳಲಿಲ್ಲ. ನಮ್ಮ ಕಡೆ ಮನೆಗೆ ಬಂದವನಿಗೆ ಚಹಾ ಕೇಳದಿದ್ದರೆ ಅದರ ಅರ್ಥವನ್ನು ಯಾವ ಕೋಶದಲ್ಲೂ ಹುಡುಕಬೇಕಾಗಿಲ್ಲ.

ಕಾಗದ ಅವರ ಕೈಗೆ ಕೊಟ್ಟೆ. ಅದರಲ್ಲಿ ಹೀಗಿತ್ತು: 'ಖಂಡೇ ಪೂಜೆಯಂದು ಯಂತ್ರದ ಪ್ಲಗ್ ಕೀಳಲಾಯಿತು. ನಂತರ ನಡೆದ ತಪಾಸಣೆಯಲ್ಲಿ ಎಲ್ಲ ಪ್ರಶ್ನೆಗಳಿಗೂ ಒಟ್ಟಾಗಿ ಒಪ್ಪಿಗೆ ನೀಡಲಾಯಿತು. ಇದರಿಂದ ಕಡತಗಳು ಅಳಿಸಿಹೋದವು. ಇದರಲ್ಲಿ ಇಂದಿರಾಬಾಯಿಯವರ ತಪ್ಪು ಇರಲಿಲ್ಲವೆಂದು ತಿಳಿಸಲು ವಿಷಾದವಾಗುತ್ತದೆ.'

ಅವರು ಓದಿದರು. ಕೈಯಲ್ಲಿ ಕೆಂಪು ಪೆನ್ಸಿಲ್ಲು ಇದ್ದೇ ಇತ್ತು.

"ನನ್ನ ತಪ್ಪಿಲ್ಲ ಅನ್ನೂದಕ್ಕ ನಿಮಗ ವಿಷಾದ ಯಾಕ್ರಿ?" ಎಂದು ಕೊನೆಯ ಸಾಲಿನಲ್ಲಿ ಒಂದು ಗೆರೆ ಎಳೆದರು. ಮತ್ತೆ ಮೇಲಕ್ಕೆ ಹೋದರು. "ಕೀಳಲಾಯಿತು. ಯಾರು ಕಿತ್ತರು? ನೀಡಲಾಯಿತು. ಯಾರು ನೀಡಿದರು? ಈ ಕಾಗದದಾಗ ಒಬ್ಬ ಮನುಷ್ಯಾನೂ ಇಲ್ಲಲ್ರಿ. ದೆವ್ವ ಬಂದು ಮಾಡಿ ಹೋದ್ವೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಿದ್ದಿ ಮುಗಿಸಿದ್ದರು. 'ಕೀಳಲಾಯಿತು' ಹೊಡೆದು 'ರಾವಸಾಹೇಬರು ಕಿತ್ತರು' ಎಂದು. 'ನೀಡಲಾಯಿತು' ಹೊಡೆದು 'ನಾನು ನೀಡಿದೆ' ಎಂದು. ಅಕ್ಷರ ಅದೇ, ಕಾರ್ಡಿನ ಮೇಲೆ ಇರುತ್ತಿದ್ದಷ್ಟೇ ದುಂಡಗೆ.

"ಬಾಯಾರ, ನನ್ನನ್ನ..." ಎಂದೆ.

"ಅದು ಇರ್ಲಿ." ಕಾಗದ ವಾಪಸು ಕೊಟ್ಟರು. "ಇದನ್ನ ನನಗ್ಯಾಕ ತಂದೀರಿ? ನನಗ ಗೊತ್ತೈತಲ್ಲ. ಗೊತ್ತಿಲ್ಲದವರಿಗೆ ಕೊಡ್ರಿ."

ತಿದ್ದಿದ ಹಾಗೆಯೇ ಬರೆದು, ಸಹಿ ಹಾಕಿ, ಸಂಸ್ಥೆಗೆ ಕಳಿಸಿದೆ. ಶಾಲು ಬೇಡ, ಮೊದಲ ಪುಟದಲ್ಲಿ ಅವರ ಹೆಸರು ಹಾಕಿ ಎಂದೂ ಸೇರಿಸಿದೆ. ಮೂರು ವಾರದ ಮೇಲೆ ಉತ್ತರ ಬಂತು. 'ತಮ್ಮ ಪತ್ರವನ್ನು ಸ್ವೀಕರಿಸಲಾಗಿದೆ. ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು.' ಕೋಶ ಅಷ್ಟರಲ್ಲಿ ಅಚ್ಚಾಗಿ ಹೊರಗೆ ಬಂದಿತ್ತು, ನನ್ನ ಹೆಸರು ಇದ್ದಲ್ಲೇ ಇತ್ತು. ಸಮಾರಂಭಕ್ಕೆ ನಾನು ಹೋಗಲಿಲ್ಲ. ಶಾಲನ್ನು ಅಂಚೆಯಲ್ಲಿ ಕಳಿಸಿದರು, ನಾನು ಅಂಚೆಯಲ್ಲೇ ವಾಪಸು ಮಾಡಿದೆ.

ಹಾಗಾಗಿ ಗೊತ್ತಿಲ್ಲದವರು ಅಂದರೆ ಇನ್ನು ನೀವೇ. ಇಷ್ಟು ಹೊತ್ತು ಹೂಂ ಹೂಂ ಎನ್ನುತ್ತ ಕೇಳಿದ್ದೀರಿ, ಕೊನೆಯದನ್ನೂ ಕೇಳಿಬಿಡಿ. ಪ್ಲಗ್ಗು ಕಿತ್ತವರು ರಾವಸಾಹೇಬರು. ಗೊತ್ತಿದ್ದೂ ಎಲ್ಲಕ್ಕೂ ಹೂಂ ಅಂದವನು ನಾನು, ಯಂತ್ರಕ್ಕೂ ಸಭೆಗೂ. ಆ ಕೋಶದಲ್ಲಿ ಉಳಿದ ಒಂದೊಂದು ಪದವೂ, ಅಳಿದ ಒಂದೊಂದು ಪದವೂ ಇಂದಿರಾಬಾಯಿಯವರದು.